ಗುಣವನ್ನು ಅಳೆಯುವ ಹೊತ್ತು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ನಿಂತು ಮೊಣಗಂಟಿನ ಮಾತನ್ನೆತ್ತುವುದು ಅಷ್ಟೇನೂ ಸಮಯೋಚಿತವಲ್ಲವೆಂಬುದನ್ನು ನಾವು ಬಲ್ಲೆವು. ಇಲ್ಲಿ ಕಾವ್ಯದ ಮಾತು, ಯಕ್ಷಗಾನದ ಮಾತು, ಕನ್ನಡ ಶಾಲೆಗಳ ಅಳಿವು ಉಳಿವಿನ ಮಾತು ಕೇಳಿಬರುವುದು ವಾಡಿಕೆ. ಆದರೆ ನಮ್ಮನ್ನು ಆಮಂತ್ರಿಸಲು ಮನೆಗೆ ಬಂದ ಸಂಘದ ಹಿರಿಯರೊಬ್ಬರು ಚಾವಡಿಯಲ್ಲಿ ಕುಳಿತೊಡನೆ ಕೇಳಿದ ಪ್ರಶ್ನೆ ಸಾಹಿತ್ಯದ್ದಾಗಿರಲಿಲ್ಲ. “ನಮ್ಮ ಮನೆಯವಳಿಗೆ ಗಂಟಿನ ಆಪರೇಷನ್ ಆಗಿ ನಲುವತ್ತು ದಿನವಾಯಿತು. ಬಾವು ಇಳಿದಿಲ್ಲ, ರಾತ್ರಿ ನಿದ್ದೆಯಿಲ್ಲ. ಇದು ಸರಿಯಾಯಿತೋ ಕೆಟ್ಟಿತೋ, ನೀವೇ ಹೇಳಬೇಕು” ಎಂದರು. ಅವರಿಗೆ ಆ ದಿನ ನಾವು ಕೊಟ್ಟ ಉತ್ತರ ಚಿಕ್ಕದು: “ಇದು ಆ ಪ್ರಶ್ನೆಯನ್ನು ಕೇಳುವ ಹೊತ್ತಲ್ಲ.” ಆ ಮಾತು ಅವರಿಗೆ ಒರಟಾಗಿ ಕೇಳಿಸಿತೋ ಏನೋ, ಮುಖ ಸಪ್ಪಗಾಯಿತು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಇಂದು ನಿಮ್ಮೆಲ್ಲರ ಎದುರಿನಲ್ಲಿ ಪೂರ್ಣಮಾಡುವ ಅವಕಾಶ ದೊರೆತಿದೆ.

ನಾವು ಶಸ್ತ್ರವೈದ್ಯರಲ್ಲ. ಶಸ್ತ್ರವೈದ್ಯರು ಹೊಲಿಗೆ ಹಾಕಿ ಕೈ ತೊಳೆದ ಮೇಲೆ ರೋಗಿಯನ್ನು ಮಂಚದಿಂದ ಎಬ್ಬಿಸಿ ನಡೆಯಿಸುವ ಫಿಸಿಯೋಥೆರಪಿಯ ವೃತ್ತಿ ನಮ್ಮದು. ಕತ್ತಿಯ ಕೆಲಸ ಒಂದೆರಡು ಗಂಟೆಯದು. ನಮ್ಮ ಕೆಲಸ ತಿಂಗಳುಗಳದ್ದು. ಆದುದರಿಂದಲೇ ಕಾಲದ ಲೆಕ್ಕ ನಮಗೆ ತುಸು ಹೆಚ್ಚಾಗಿ ತಿಳಿದಿದೆಯೆಂದರೆ ಅಹಂಕಾರವಾಗದು.

ಮೊದಲು ಈ ಶಸ್ತ್ರಕ್ರಿಯೆಯ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇವೆ. ತೊಡೆಯ ಎಲುಬಿನ ಕೆಳತುದಿ, ಮೊಣಕಾಲಿನ ಕೆಳಗಿನ ಎಲುಬಿನ ಮೇಲ್ತುದಿ, ಇವುಗಳ ನಡುವಿನ ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ತಾಗಿದಾಗ ನಡೆಯುವುದು ಯಾತನೆಯಾಗುತ್ತದೆ. ಆ ಸವೆದ ತುದಿಗಳನ್ನು ಅಳತೆಗೆ ಸರಿಯಾಗಿ ಕೊಯ್ದು ತೆಗೆದು ಮೇಲೆ ಲೋಹದ ಹೊದಿಕೆ, ಕೆಳಗೆ ಲೋಹದ ತಟ್ಟೆ, ನಡುವೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ಹಾಸು ಇಡುತ್ತಾರೆ. ‘ಗಂಟು ಬದಲಿಸಿದರು’ ಎಂದು ನಾವು ಆಡುವುದಾದರೂ ನಿಜದಲ್ಲಿ ಬದಲಿಸಿದ್ದು ಕೀಲಿನ ಮೈಯನ್ನು ಮಾತ್ರ. ಅದನ್ನು ಆಡಿಸುವ ಸ್ನಾಯು, ಹಿಡಿದಿಡುವ ಕಟ್ಟುಗಳು, ಸುದ್ದಿ ಒಯ್ಯುವ ನರಗಳು ಎಲ್ಲವೂ ಹಳೆಯವೇ. ಈ ಮಾತನ್ನು ದಯಮಾಡಿ ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

1890ರಲ್ಲಿ ಬರ್ಲಿನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯನು ಕ್ಷಯದಿಂದ ಕೆಟ್ಟ ಮೊಣಕಾಲಿಗೆ ದಂತದ ತಿರುಗಣೆಯನ್ನು ಜೋಡಿಸಿ ನೋಡಿದನು. ಅಂದು ಅವು ನಿಲ್ಲಲಿಲ್ಲ. ಇಂದಿನ ಮಾದರಿಯ ಕೀಲು ರೂಪುಗೊಂಡುದು 1970ರ ದಶಕದಲ್ಲಿ, ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರ ಕೈಯಲ್ಲಿ. ಸ್ವೀಡನ್ ದೇಶವು 1975ರಲ್ಲಿಯೇ ತನ್ನ ನಾಡಿನಲ್ಲಾಗುವ ಮೊಣಕಾಲು ಶಸ್ತ್ರಕ್ರಿಯೆಗಳನ್ನು ಒಂದು ದಫ್ತರದಲ್ಲಿ ಬರೆದಿಡಲು ತೊಡಗಿತು. ನಮ್ಮ ದೇಶದಲ್ಲಿ 2017ರ ಆಗಸ್ಟಿನಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರವು ಈ ಕೃತಕ ಕೀಲಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ಅಲ್ಲಿಗೆ ಇದು ಸಿರಿವಂತರ ಚಿಕಿತ್ಸೆಯೆಂಬ ಮಾತು ಸ್ವಲ್ಪಮಟ್ಟಿಗಾದರೂ ಸಡಿಲವಾಯಿತು. ಈಗ ನಮ್ಮ ಸೀಮೆಯ ಹಳ್ಳಿಗಳಲ್ಲಿಯೂ ಮೊಣಕಾಲಿನ ನಡುವೆ ನೇರವಾಗಿ ಇಳಿದ ಆ ಗಾಯದ ಗೆರೆಯನ್ನು ಹೊತ್ತವರು ವಿರಳರಲ್ಲ.

ಇನ್ನು ಪ್ರಕೃತ ವಿಷಯ. ಚೇತರಿಕೆಯನ್ನು ಯಾವಾಗ ಅಳೆಯಬೇಕು? ಹೆಸರು ಹೇಳದೆ ಎರಡು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಒಬ್ಬರು ತೋಟದ ಮನೆಯ ಹೆಂಗಸು, ಅರುವತ್ತಾರು ವರ್ಷದವರು. ಶಸ್ತ್ರಕ್ರಿಯೆಗೆ ಮೊದಲು ನೋವನ್ನು ನುಂಗಿಕೊಂಡು ಅಂಗಳ ಸುತ್ತುತ್ತಿದ್ದರು, ಅಡಿಕೆ ಹೆಕ್ಕುತ್ತಿದ್ದರು. ಶಸ್ತ್ರಕ್ರಿಯೆಯಾಗಿ ಐದನೆಯ ವಾರ ಮನೆಯಲ್ಲಿ ಒಂದು ಪೂಜೆ. ನೆರೆಮನೆಯ ಇನ್ನೊಬ್ಬರು, ಅವರಿಗೂ ಇದೇ ಆಪರೇಷನ್ ಆಗಿ ಒಂದು ವರ್ಷ ದಾಟಿದವರು, ಮೆಟ್ಟಿಲು ಹತ್ತಿ ಸಲೀಸಾಗಿ ಒಳಗೆ ಬಂದರು. ಈಕೆ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಂದವರೆಲ್ಲ ಇಬ್ಬರನ್ನೂ ನೋಡಿ ತೂಗಿದರು. ‘ನಿಮ್ಮದು ಸರಿಯಾಗಲಿಲ್ಲ’ ಎಂದು ಒಬ್ಬರು ಬಾಯಿಬಿಟ್ಟು ಹೇಳಿಯೂ ಹೇಳಿದರು. ಮರುದಿನದಿಂದ ಈಕೆ ವ್ಯಾಯಾಮ ಬಿಟ್ಟರು. ಕೆಟ್ಟುಹೋದ ಕಾಲಿಗೆ ವ್ಯಾಯಾಮವೇಕೆ? ಮಗನು ನಮ್ಮಲ್ಲಿಗೆ ಕರೆತಂದಾಗ ಹತ್ತು ದಿನ ಕಳೆದಿತ್ತು. ಪರೀಕ್ಷಿಸಿ ನೋಡಿದರೆ ಐದನೆಯ ವಾರಕ್ಕೆ ಇರಬೇಕಾದಂತೆಯೇ ಎಲ್ಲವೂ ಇತ್ತು. ಅವರನ್ನು ಮತ್ತೆ ನಂಬಿಸಿ ನಿಲ್ಲಿಸಲು ಒಂದು ತಿಂಗಳು ಹಿಡಿಯಿತು.

ಇನ್ನೊಬ್ಬರು ನಿವೃತ್ತ ಅಧ್ಯಾಪಕರು. ಮಾತು ಬಲ್ಲವರು, ಗಟ್ಟಿ ಮನಸ್ಸಿನವರು. ಎಲುಬಿಗೆ ಎಲುಬು ಉಜ್ಜುವ ಹಳೆಯ ನೋವು ಹೋಯಿತಲ್ಲ ಎಂಬ ಸಂತೋಷದಲ್ಲಿ ಎರಡನೆಯ ವಾರ ಹೊಲಿಗೆ ಬಿಚ್ಚಿಸಿಕೊಂಡು ಬಂದವರು ಮತ್ತೆ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ. ಕೇಳಿದವರಿಗೆಲ್ಲ ‘ನೂರಕ್ಕೆ ನೂರು ಗುಣ’ ಎನ್ನುತ್ತಿದ್ದರಂತೆ. ಎಂಟನೆಯ ತಿಂಗಳಿನಲ್ಲಿ ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಲಾರದೆ ಹೋದಾಗ ನಮ್ಮಲ್ಲಿಗೆ ಬಂದರು. ಕೋನಮಾಪಕವಿಟ್ಟು ನೋಡಿದೆವು: ಮೊಣಕಾಲು ಮಡಚುತ್ತಿದ್ದುದು 70 ಡಿಗ್ರಿ. ಗಟ್ಟಿ ನೆಲದಲ್ಲಿ ನಡೆಯಲು ಅಷ್ಟು ಸಾಕು. ಮೆಟ್ಟಿಲು ಹತ್ತಲು 80ಕ್ಕೆ ಮೇಲ್ಪಟ್ಟು ಬೇಕು, ಇಳಿಯಲು 90ರ ಆಸುಪಾಸು, ಸಾಮಾನ್ಯ ಕುರ್ಚಿಯಿಂದ ಕೈಯೂರದೆ ಏಳಲು ಅದಕ್ಕಿಂತಲೂ ತುಸು ಹೆಚ್ಚು. ಬಿಗಿತುಹೋದ ಕೀಲನ್ನು ಅರಿವಳಿಕೆ ಕೊಟ್ಟು ಮೆಲ್ಲನೆ ಮಡಚಿ ಒಳಗಿನ ಅಂಟನ್ನು ಬಿಡಿಸುವ ಉಪಾಯವೊಂದುಂಟು; ಆದರೆ ಅದು ಚೆನ್ನಾಗಿ ಫಲಿಸುವುದು ಮೊದಲ ಮೂರು ತಿಂಗಳ ಒಳಗೆ. ಅನಂತರ ಅಂಟು ಗಡುಸಾಗುತ್ತದೆ. ಅವರಿಗೆ ಆ ಬಾಗಿಲು ಮುಚ್ಚಿಹೋಗಿತ್ತು. ತಪ್ಪು ಅವರೊಬ್ಬರದೇ ಅಲ್ಲ. ಆರನೆಯ ವಾರ ಬರಬೇಕೆಂದು ಬಿಡುಗಡೆಯ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ಏಕೆ ಬರಬೇಕೆಂದು ಅವರಿಗೆ ಯಾರೂ ಬಾಯಲ್ಲಿ ಹೇಳಿರಲಿಲ್ಲ.

ಮೊದಲನೆಯವರು ಬೇಗ ಅಳೆದು ಕೆಟ್ಟರು, ಎರಡನೆಯವರು ಅಳೆಯದೆ ಕೆಟ್ಟರು.

ಈ ಚೇತರಿಕೆಯ ದಾರಿ ಏರುಮುಖವಾದ ಒಂದೇ ಗೆರೆಯಲ್ಲ. ಅದು ಮೊದಲು ಇಳಿಯುತ್ತದೆ, ಆಮೇಲೆ ಏರುತ್ತದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ಬಲವನ್ನು ಅಳೆದು ನೋಡಿದವರು ಶಸ್ತ್ರಕ್ರಿಯೆಯಾದ ಒಂದು ತಿಂಗಳಿಗೆ ಅದು ಮೊದಲಿದ್ದುದಕ್ಕಿಂತ ನೂರಕ್ಕೆ ಸುಮಾರು ಅರುವತ್ತರಷ್ಟು ಕುಗ್ಗಿರುವುದನ್ನು ಕಂಡಿದ್ದಾರೆ. ಇದು ನೋವಿನಿಂದ ಎಂದು ಹಿಂದೆ ಭಾವಿಸಿದ್ದರು. ನೋವಿನ ಪಾಲು ಅದರಲ್ಲಿ ಸ್ವಲ್ಪವೇ. ಸ್ನಾಯು ಸೊರಗಿದುದೂ ಸ್ವಲ್ಪವೇ. ಹೆಚ್ಚಿನ ಪಾಲು, ಬಾವು ತುಂಬಿದ ಕೀಲಿನಿಂದ ಹೋದ ಸುದ್ದಿಯನ್ನು ಕೇಳಿ ನರಮಂಡಲವೇ ಆ ಸ್ನಾಯುವನ್ನು ಪೂರ್ತಿಯಾಗಿ ದುಡಿಸದೆ ಕಟ್ಟಿಹಾಕುವುದು. ಗಾಯಗೊಂಡ ಎತ್ತಿಗೆ ನೊಗ ಹೊರಿಸದ ಯಜಮಾನನಂತೆ ದೇಹ ವರ್ತಿಸುತ್ತದೆ. ಆ ಕಟ್ಟು ಸಡಿಲವಾಗಬೇಕಾದರೆ ಬಾವು ಇಳಿಯಬೇಕು, ಸ್ನಾಯುವನ್ನು ದಿನದಿನವೂ ಎಚ್ಚರಿಸಬೇಕು. ಹೀಗಾಗಿ ನಾಲ್ಕನೆಯ ವಾರದಲ್ಲಿ ನಡಿಗೆಯನ್ನು ಅಳೆದರೆ ಹೆಚ್ಚಿನವರು ಶಸ್ತ್ರಕ್ರಿಯೆಗೆ ಮೊದಲಿನ ಮಟ್ಟಕ್ಕಿಂತ ಕೆಳಗೇ ಇರುತ್ತಾರೆ. ಅದು ಸೋಲಲ್ಲ, ಆ ದಾರಿಯ ತಗ್ಗು.

ತಗ್ಗಿನಿಂದ ಏರುವ ವೇಗವೂ ಒಂದೇ ಸಮನಾಗಿಲ್ಲ. ಕೆನಡಾದಲ್ಲಿ ಡೆಬೊರಾ ಕೆನೆಡಿ, ಪಾಲ್ ಸ್ಟ್ರಾಟ್‌ಫರ್ಡ್ ಮತ್ತು ಸಂಗಡಿಗರು ರೋಗಿಗಳನ್ನು ಒಂದು ವರ್ಷದವರೆಗೆ ಮತ್ತೆ ಮತ್ತೆ ಅಳೆದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ಮೊದಲ 12 ವಾರಗಳಲ್ಲಿ ಏರಿಕೆ ಅತಿ ವೇಗದ್ದು. 12ರಿಂದ 26ನೆಯ ವಾರದವರೆಗೆ ನಿಧಾನದ್ದು. 26ನೆಯ ವಾರದಿಂದಾಚೆ ಕಂಡೂ ಕಾಣದಷ್ಟು. ಆದರೆ ಇದರಿಂದ ಆರು ತಿಂಗಳಿಗೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಕೀಲಿನ ಮೇಲಿನ ಚರ್ಮದ ಬಿಸುಪು ತಿಂಗಳುಗಟ್ಟಲೆ ಉಳಿಯುವುದುಂಟು. ಸಂಜೆಯ ಬಾವು ಮೂರು, ಆರು ತಿಂಗಳವರೆಗೂ ಬಂದು ಹೋಗುವುದುಂಟು. ಗಾಯದ ಹೊರಮಗ್ಗುಲಿನ ಜೋಮು ಕೆಲವರಲ್ಲಿ ಕಡೆಗೂ ಉಳಿದುಬಿಡುವುದುಂಟು. ಇವನ್ನು ಮೊದಲೇ ತಿಳಿಸದಿದ್ದರೆ ರೋಗಿಯು ಒಂದೊಂದನ್ನೂ ಅಪಾಯವೆಂದು ಎಣಿಸುತ್ತಾನೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಅಳೆಯುವ ಬಗೆ ಎರಡು. ಒಂದು, ರೋಗಿಯನ್ನು ಕೇಳುವುದು. ಇನ್ನೊಂದು, ರೋಗಿಯನ್ನು ನಡೆಯಿಸಿ ನೋಡುವುದು. ಕೇಳುವುದಕ್ಕೆ ಪ್ರಶ್ನಾವಳಿಗಳಿವೆ. 1998ರಲ್ಲಿ ಆಕ್ಸ್‌ಫರ್ಡಿನಲ್ಲಿ ರಚಿಸಿದ ಪ್ರಶ್ನಾವಳಿಯಲ್ಲಿ 12 ಪ್ರಶ್ನೆಗಳು; ಈಗಿನ ರೂಢಿಯಂತೆ ಸೊನ್ನೆಯಿಂದ 48ರವರೆಗೆ ಅಂಕ, ಹೆಚ್ಚು ಬಂದಷ್ಟೂ ಒಳ್ಳೆಯದು. ಅದಕ್ಕೆ ಹತ್ತು ವರ್ಷ ಮೊದಲೇ ಕೆನಡಾದಲ್ಲಿ ಹುಟ್ಟಿದ ವೊಮ್ಯಾಕ್ ಎಂಬುದರಲ್ಲಿ 24 ಪ್ರಶ್ನೆಗಳು: ನೋವಿಗೆ 5, ಬಿಗಿತಕ್ಕೆ 2, ನಿತ್ಯದ ಕೆಲಸಗಳಿಗೆ 17. ನಡೆಯಿಸಿ ನೋಡುವುದಕ್ಕೆ ಬೇಕಾಗುವ ಸಾಮಗ್ರಿ ಒಂದು ಕುರ್ಚಿ, ಒಂದು ಗಡಿಯಾರ, ಮೂರು ಮೀಟರ್ ನೆಲ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕುಳಿತುಕೊಳ್ಳಲು ಎಷ್ಟು ಸೆಕೆಂಡು? ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು? ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಕುರ್ಚಿಯಿಂದ ಎದ್ದು ಕುಳಿತರು?

ಇವೆರಡೂ ಒಂದೇ ಮಾತನ್ನು ಹೇಳಬೇಕಲ್ಲವೇ? ಮೊದಲ ತಿಂಗಳುಗಳಲ್ಲಿ ಹೇಳುವುದಿಲ್ಲ. ಕಾಲು ನಿಧಾನವಾಗಿದೆಯೆಂದು ಗಡಿಯಾರ ಹೇಳುತ್ತಿರುವಾಗಲೇ ಬಾಯಿ ‘ಮೊದಲಿಗಿಂತ ವಾಸಿ’ ಎನ್ನುತ್ತಿರುತ್ತದೆ. ಏಕೆಂದರೆ ‘ಮೆಟ್ಟಿಲು ಹತ್ತಲು ಎಷ್ಟು ಕಷ್ಟ’ ಎಂದು ನಾವು ಕೇಳಿದರೆ ರೋಗಿಯು ‘ಹತ್ತುವಾಗ ಎಷ್ಟು ನೋವು’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ಹಳೆಯ ನೋವು ಹೋದ ಸಂತೋಷ ಹೊಸ ನಿತ್ರಾಣವನ್ನು ಮುಚ್ಚಿಬಿಡುತ್ತದೆ. ನಮ್ಮ ಅಧ್ಯಾಪಕರ ‘ನೂರಕ್ಕೆ ನೂರು’ ಸುಳ್ಳಾಗಿರಲಿಲ್ಲ. ಅದು ನೋವಿನ ಲೆಕ್ಕ, ಕಾಲಿನ ಲೆಕ್ಕವಲ್ಲ. ಆ ತೋಟದ ಮನೆಯ ಹೆಂಗಸಿನಲ್ಲಿ ಇದು ತಿರುಗುಮುರುಗಾಗಿತ್ತು. ಕಾಲು ದಾರಿಯಲ್ಲಿಯೇ ಇತ್ತು, ಮನಸ್ಸು ಕುಸಿದಿತ್ತು. ಆದುದರಿಂದ ಮೊದಲ ಮೂರು ತಿಂಗಳಲ್ಲಿ ಬಾಯಿಯನ್ನು ಮಾತ್ರ ಕೇಳಿ ನಿರ್ಣಯಕ್ಕೆ ಬರುವ ವೈದ್ಯನು ಮೋಸಹೋಗುತ್ತಾನೆಂಬುದು ನಮ್ಮ ದೃಢವಾದ ಅಭಿಪ್ರಾಯ. ಬಾಯಿಯನ್ನು ಕೇಳದೆ ಗಡಿಯಾರವನ್ನು ಮಾತ್ರ ನೋಡುವವನೂ ಅಷ್ಟೆ. ಮತ್ತೊಂದು ಸಂಗತಿ: ಗಡಿಯಾರ ಅಳೆಯುವುದು ಮನುಷ್ಯನನ್ನು, ಮೊಣಕಾಲನ್ನಲ್ಲ. ಇನ್ನೊಂದು ಗಂಟೂ ಸವೆದಿದ್ದರೆ, ಸೊಂಟ ಹಿಡಿದಿದ್ದರೆ, ಉಬ್ಬಸವಿದ್ದರೆ, ಹೊಸ ಗಂಟಿನ ಮೇಲೆ ಆ ದೂರು ಬೀಳುತ್ತದೆ.

ಹಾಗಾದರೆ ದಿನಗಳನ್ನು ಗೊತ್ತುಮಾಡುವುದು ಹೇಗೆ? ಒಂದೊಂದು ಹೊತ್ತಿಗೆ ಕೇಳಬೇಕಾದ ಪ್ರಶ್ನೆ ಬೇರೆ. ಎರಡನೆಯ ವಾರದಲ್ಲಿ ಗುಣದ ಪ್ರಶ್ನೆಯೇ ಇಲ್ಲ, ಕ್ಷೇಮದ ಪ್ರಶ್ನೆ ಮಾತ್ರ: ಗಾಯ ಒಣಗಿತೇ, ಕೀವು ಇದೆಯೇ, ಮೀನಖಂಡ ಊದಿ ನೋಯುತ್ತಿದೆಯೇ, ಜ್ವರವುಂಟೇ. ಇವುಗಳಲ್ಲಿ ಯಾವುದು ಕಂಡರೂ ಗೊತ್ತಾದ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆರನೆಯ ವಾರದಲ್ಲಿ ಕೋನಮಾಪಕದ ಪ್ರಶ್ನೆ: ಎಷ್ಟು ಮಡಚುತ್ತದೆ, ಅದಕ್ಕಿಂತ ಮುಖ್ಯವಾಗಿ ಪೂರ್ತಿ ನೀಳವಾಗುತ್ತದೆಯೇ. ಮಡಚುವುದನ್ನೇ ಎಲ್ಲರೂ ಕೇಳುತ್ತಾರೆ. ನೀಳವಾಗದ ಮೊಣಕಾಲು ಹೆಜ್ಜೆಹೆಜ್ಜೆಗೂ ಸ್ನಾಯುವನ್ನು ದಣಿಸುತ್ತದೆಯೆಂಬುದನ್ನು ಯಾರೂ ನೆನೆಯುವುದಿಲ್ಲ. 90 ಡಿಗ್ರಿಗೂ ತಲುಪದೆ ನಿಂತವರನ್ನು ಶಸ್ತ್ರವೈದ್ಯರ ಬಳಿ ಕಳುಹಿಸಬೇಕಾದ ಹೊತ್ತು ಇದು, ಎಂಟನೆಯ ತಿಂಗಳಲ್ಲ.

ಮೂರನೆಯ ತಿಂಗಳು ನಮ್ಮ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ಹೊತ್ತು. ವೇಗದ ಏರಿಕೆ ಮುಗಿಯುವುದು ಆಗ. ಏರದೆ ಉಳಿದವರು ಯಾರೆಂದು ಬೇರೆಯಾಗಿ ಕಾಣುವುದೂ ಆಗ. ಈ ಶಸ್ತ್ರಕ್ರಿಯೆ ಎಷ್ಟೇ ಒಳ್ಳೆಯದಾದರೂ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ನೋವು ದೀರ್ಘಕಾಲ ಉಳಿಯುತ್ತದೆಂಬುದನ್ನು ಮರೆಮಾಚುವುದು ಸಲ್ಲದು. ಇಂಗ್ಲೆಂಡಿನ ಬ್ರಿಸ್ಟಲಿನ ತಂಡವೊಂದು ಇಂಥವರನ್ನು ಮೂರನೆಯ ತಿಂಗಳಿನಲ್ಲಿಯೇ ಗುರುತಿಸಿ, ಒಂದು ಗಂಟೆ ಕುಳ್ಳಿರಿಸಿ ಮಾತನಾಡಿಸಿ, ನೋವಿನ ಕಾರಣವನ್ನು ಅರಸಿ, ಕಾರಣಕ್ಕೆ ತಕ್ಕ ಚಿಕಿತ್ಸೆಗೆ ಕಳುಹಿಸಿ, ಆಗಾಗ ದೂರವಾಣಿಯಲ್ಲಿ ವಿಚಾರಿಸಿಕೊಂಡಿತು. ಹಾಗೆ ಮಾಡಿದವರಲ್ಲಿ ವರ್ಷದ ಕೊನೆಗೆ ನೋವು, ಅಲ್ಪಪ್ರಮಾಣದಲ್ಲಾದರೂ, ಮಿಕ್ಕವರಿಗಿಂತ ಕಡಮೆಯಾಗಿತ್ತೆಂದು 2022ರಲ್ಲಿ ವರದಿಯಾಯಿತು. ‘ಒಂದು ವರ್ಷ ತಾಳಿಕೊಳ್ಳಿ, ಸರಿಹೋಗುತ್ತದೆ’ ಎಂಬ ನಮ್ಮ ವೃತ್ತಿಯವರ ಮಾಮೂಲು ಸಮಾಧಾನದ ಮಾತಿಗೆ ಇದು ತಕ್ಕ ಉತ್ತರ. ನಾವೂ ಆ ಮಾತನ್ನು ಎಷ್ಟೋ ಬಾರಿ ಹೇಳಿದವರೇ. ಈಗ ನಾಲಗೆ ತಡೆಯುತ್ತದೆ.

ಗುಣವಾಯಿತೋ ಇಲ್ಲವೋ ಎಂಬ ಅಂತಿಮ ಲೆಕ್ಕ ಆರನೆಯ ತಿಂಗಳದೋ ಹನ್ನೆರಡನೆಯದೋ ಎಂಬುದರಲ್ಲಿ ದೇಶದೇಶಗಳ ನಡುವೆಯೇ ಒಮ್ಮತವಿಲ್ಲ. ಇಂಗ್ಲೆಂಡಿನ ಸರ್ಕಾರೀ ಆರೋಗ್ಯಸೇವೆ 2009ರಿಂದ ಶಸ್ತ್ರಕ್ರಿಯೆಗೆ ಮೊದಲು ಒಮ್ಮೆ, ಆರು ತಿಂಗಳಾದ ಮೇಲೆ ಒಮ್ಮೆ ರೋಗಿಗಳ ಉತ್ತರಗಳನ್ನು ಸಂಗ್ರಹಿಸುತ್ತ ಬಂದಿದೆ. ನ್ಯೂಜಿಲೆಂಡಿನ ದಫ್ತರವೂ ಮೊದಲು ಕೇಳುವುದು ಆರನೆಯ ತಿಂಗಳಲ್ಲೇ. ಸ್ವೀಡನ್ನಿನವರು ಒಂದು ವರ್ಷ ಕಾಯುತ್ತಾರೆ. ಅಮೆರಿಕದ ಮೆಡಿಕೇರ್ ವ್ಯವಸ್ಥೆಯವರು 300ರಿಂದ 425 ದಿನಗಳ ನಡುವೆ ಅಳೆಯಬೇಕೆಂದು ಗೊತ್ತುಮಾಡಿದ್ದಾರೆ. ಆರು ತಿಂಗಳ ಪಕ್ಷದವರು ಹೇಳುವುದು: ಗಳಿಕೆಯ ಬಹುಪಾಲು ಬಂದಾಗಿದೆ, ಇನ್ನೂ ಕಾದರೆ ರೋಗಿಗಳು ಕೈತಪ್ಪುತ್ತಾರೆ, ಬೇರೆ ಕಾಯಿಲೆಗಳು ಬಂದು ಲೆಕ್ಕ ಕಲಸಿಹೋಗುತ್ತದೆ. ವರ್ಷದ ಪಕ್ಷದವರು ಹೇಳುವುದು: ಬಾವು ಬಿಗಿತಗಳು ತಳವೂರಿದ ಮೇಲೆ ಬರುವ ಅಂಕವೇ ನಿಂತ ಅಂಕ. ಆಸ್ಪತ್ರೆ ಆಸ್ಪತ್ರೆಗಳನ್ನು ಹೋಲಿಸುವುದಕ್ಕೆ ಇವೆರಡರಲ್ಲಿ ಯಾವುದಾದರೂ ಆಗಬಹುದು, ಎಲ್ಲರಿಗೂ ಒಂದೇ ಆಗಿದ್ದರೆ ಸರಿ. ಒಬ್ಬನ ಐದನೆಯ ವಾರವನ್ನು ಇನ್ನೊಬ್ಬನ ಐವತ್ತನೆಯ ವಾರದೊಡನೆ ಹೋಲಿಸುವ ನೆರೆಕರೆಯ ನ್ಯಾಯ ಮಾತ್ರ ಸಲ್ಲದು. ಕೃತಕ ಕೀಲು ಎಷ್ಟು ಕಾಲ ಬಾಳುತ್ತದೆಂಬುದು ಬೇರೆಯೇ ಲೆಕ್ಕ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಕೀಲುಗಳು 25 ವರ್ಷ ಉಳಿಯುತ್ತವೆಂದು ಹಲವು ದೇಶಗಳ ದಫ್ತರಗಳನ್ನು ಕೂಡಿಸಿ ನೋಡಿದವರು 2019ರಲ್ಲಿ ಅಂದಾಜು ಮಾಡಿದ್ದಾರೆ.

ಇಷ್ಟೆಲ್ಲ ದಿನಗಳನ್ನು ಹೇಳಿ ಮೊದಲ ದಿನವನ್ನೇ ಮರೆತರೆ ಫಲವಿಲ್ಲ. ಆ ಮೊದಲ ದಿನ ಶಸ್ತ್ರಕ್ರಿಯೆಗೂ ಮುಂಚಿನದು. ಎಲ್ಲಿಂದ ಹೊರಟೆವೆಂದು ಬರೆದಿಡದೆ ಎಷ್ಟು ದೂರ ಬಂದೆವೆಂದು ಹೇಳುವುದು ಹೇಗೆ? ವರ್ಷ ಕಳೆದ ಮೇಲೆ ‘ಮೊದಲು ಹೇಗಿತ್ತು’ ಎಂದು ಕೇಳಿದರೆ ನೆನಪು ನೆಟ್ಟಗೆ ಉತ್ತರ ಕೊಡುವುದಿಲ್ಲ. ಈಗ ಸುಖವಾಗಿರುವವನು ಹಿಂದಿನದನ್ನು ಹೆಚ್ಚು ಘೋರವೆನ್ನುತ್ತಾನೆ, ಈಗ ಕಷ್ಟದಲ್ಲಿರುವವನು ಹಿಂದೆ ಚೆನ್ನಾಗಿಯೇ ಇದ್ದೆನೆನ್ನುತ್ತಾನೆ. ಮೊಣಕಾಲು ಕೊನೆಗೆ ಎಷ್ಟು ಮಡಚೀತೆಂಬುದು ಕೂಡ ಬಹುಮಟ್ಟಿಗೆ ಮೊದಲು ಎಷ್ಟು ಮಡಚುತ್ತಿತ್ತೆಂಬುದನ್ನು ಅವಲಂಬಿಸಿದೆ. ನಮ್ಮಲ್ಲಿ ಬರುವ ಹತ್ತು ಮಂದಿಯಲ್ಲಿ ಏಳೆಂಟು ಮಂದಿಯ ಕಾಗದಗಳಲ್ಲಿ ಈ ಮೊದಲ ದಿನದ ಅಳತೆಯೇ ಇರುವುದಿಲ್ಲ. ಎಕ್ಸ್‌ರೇ ಇರುತ್ತದೆ, ರಕ್ತಪರೀಕ್ಷೆ ಇರುತ್ತದೆ, ಹೃದಯದ ಪರೀಕ್ಷೆ ಇರುತ್ತದೆ. ಮೂರು ಮೀಟರ್ ನಡೆದು ಬರಲು ಎಷ್ಟು ಸೆಕೆಂಡು ಬೇಕಾಯಿತೆಂದು ಯಾರೂ ಬರೆದಿರುವುದಿಲ್ಲ.

ಇನ್ನು ಪ್ರಶ್ನೆಗಳ ಮಾತು. ವೊಮ್ಯಾಕಿನಲ್ಲಿ ‘ಕಾಲುಚೀಲ ಹಾಕಿಕೊಳ್ಳಲು ಎಷ್ಟು ಕಷ್ಟ’ ಎಂಬ ಪ್ರಶ್ನೆಯೊಂದುಂಟು. ‘ಸ್ನಾನದ ತೊಟ್ಟಿಗೆ ಇಳಿಯಲು, ಏರಲು’ ಎಂಬುದೊಂದುಂಟು. ಕುಂಬಳೆಯ ಕಡೆಯ ಅಜ್ಜಿಯೊಬ್ಬರನ್ನು ನಾವು ಮೊದಲನೆಯದನ್ನು ಕೇಳಿದಾಗ ಅವರು ನಕ್ಕುಬಿಟ್ಟರು, “ಕಾಲುಚೀಲ ಹಾಕಲಿಕ್ಕೆ ನಾನೇನು ಶಾಲೆಗೆ ಹೋಗುವುದಾ?” ಎಂದರು. ಅವರಿಗೆ ಬೇಕಾದ ಪ್ರಶ್ನೆಗಳು ಬೇರೆ. ಮಣೆಯ ಮೇಲೆ ಕುಳಿತು ಏಳಬಹುದೇ? ಮೆಟ್ಟುಕತ್ತಿಯ ಮುಂದೆ ಕುಳಿತು ಸೌತೆಕಾಯಿ ಹೆಚ್ಚಬಹುದೇ? ತೋಡಿನ ಮೇಲಿನ ಅಡಿಕೆಮರದ ಸಂಕ ದಾಟಬಹುದೇ? ದೇವರ ಮುಂದೆ ಅಡ್ಡಬೀಳಬಹುದೇ, ನಮಾಜಿಗೆ ಮಂಡಿಯೂರಬಹುದೇ, ಇಗರ್ಜಿಯಲ್ಲಿ ಮೊಣಕಾಲೂರಬಹುದೇ? ನೆಲಕ್ಕೆ ಕುಳಿತುಕೊಳ್ಳಲು ಮೊಣಕಾಲು 120 ಡಿಗ್ರಿಗೂ ಮೀರಿ ಮಡಚಬೇಕಾಗುತ್ತದೆ. ಹೆಚ್ಚಿನ ಹೊಸ ಗಂಟುಗಳು 110, 120ರ ಸುಮಾರಿಗೆ ನಿಲ್ಲುತ್ತವೆ. ನೆಲದಲ್ಲಿ ಕೂರಬಾರದೆಂದು ಹಲವು ಶಸ್ತ್ರವೈದ್ಯರು ಹೇಳುವುದೂ ಉಂಟು. ಹಾಗಿರುವಾಗ ಮೆಟ್ಟುಕತ್ತಿಯನ್ನು ಮೇಜಿಗೆ ಏರಿಸಬೇಕೆಂಬ ಮಾತನ್ನು ಶಸ್ತ್ರಕ್ರಿಯೆಗೆ ಮೊದಲೇ ಆಡಬೇಕು. ಆರನೆಯ ತಿಂಗಳಿನಲ್ಲಿ ‘ನೆಲಕ್ಕೆ ಕೂರಲಾಗುತ್ತಿಲ್ಲ, ಆಪರೇಷನ್ ಸೋತಿತು’ ಎಂದು ಗೊಣಗುವಂತಾಗಬಾರದು. ಏನನ್ನು ಬಯಸಿ ಮೇಜಿನ ಮೇಲೆ ಮಲಗಿದಿರಿ ಎಂಬುದನ್ನು ರೋಗಿಯ ಮಾತಿನಲ್ಲಿಯೇ ಎರಡು ಸಾಲು ಬರೆದಿಟ್ಟರೆ ಅದು ಯಾವ ಆಕ್ಸ್‌ಫರ್ಡಿನ ಅಂಕಕ್ಕೂ ಕಡಮೆಯಲ್ಲ.

ಭಾಷೆಯ ಮಾತು ಈ ಸಂಘದಲ್ಲಿ ಆಡದೆ ಇನ್ನೆಲ್ಲಿ ಆಡಬೇಕು? ನಮ್ಮವರಲ್ಲಿ ಬಹಳ ಮಂದಿ ಶಸ್ತ್ರಕ್ರಿಯೆಗೆ ಹೋಗುವುದು ಮಂಗಳೂರಿಗೆ. ವ್ಯಾಯಾಮಕ್ಕೆ ಬರುವುದು ಇಲ್ಲಿಯ ಆಸ್ಪತ್ರೆಗೆ. ಅಲ್ಲಿಯ ಕಾಗದ ಇಂಗ್ಲಿಷಿನಲ್ಲಿ, ಇಲ್ಲಿಯ ದಾದಿಯ ಮಾತು ಮಲಯಾಳದಲ್ಲಿ, ರೋಗಿಯ ನೋವು ಕನ್ನಡದಲ್ಲೋ ತುಳುವಿನಲ್ಲೋ. ನಡುವೆ ನಿಂತು ಅನುವಾದಿಸುವವನು ಹತ್ತನೆಯ ತರಗತಿಯ ಮೊಮ್ಮಗ. ‘ಬಿಗಿ’, ‘ಸೆಳೆತ’, ‘ಉರಿ’, ‘ಜೋಮು’, ‘ಹಿಡಿದ ಹಾಗೆ’ ಎಂದು ಅಜ್ಜಿ ಐದು ಮಾತು ಹೇಳಿದರೆ ಅವನು ಐದಕ್ಕೂ ನೋವೆಂಬ ಒಂದೇ ಪದವನ್ನು ಹೇಳುತ್ತಾನೆ. ಬಿಗಿ ಎಂದರೆ ವ್ಯಾಯಾಮ, ಉರಿ ಎಂದರೆ ನರ, ಹೊಸದಾಗಿ ಹುಟ್ಟಿದ ಬಿಸಿ ನೋವೆಂದರೆ ಸೋಂಕಿನ ಶಂಕೆ. ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಮೂರನೆಯ ತಿಂಗಳ ಪ್ರಶ್ನೆಯನ್ನು ಮಗನೂ ಆರನೆಯ ತಿಂಗಳ ಪ್ರಶ್ನೆಯನ್ನು ಸೊಸೆಯೂ ಅನುವಾದಿಸಿದರೆ ನಡುವೆ ಏರಿದುದು ಗುಣವೋ ಅನುವಾದವೋ ತಿಳಿಯುವಂತಿಲ್ಲ. ಪ್ರತಿ ಬಾರಿಯೂ ಅದೇ ಭಾಷೆಯಲ್ಲಿ, ಅದೇ ಮಾತಿನಲ್ಲಿ, ಸಾಧ್ಯವಾದರೆ ಅದೇ ವ್ಯಕ್ತಿ ಕೇಳಬೇಕೆಂಬುದು ಅಳತೆಯ ಮೊದಲ ನಿಯಮ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದ ದಿನಗಳನ್ನು ನೀವು ಮರೆತಿರಲಾರಿರಿ. ಪ್ರಾಣಾಪಾಯದಲ್ಲಿದ್ದವರ ಸಂಕಟದ ಮುಂದೆ ಮೊಣಕಾಲಿನವರದು ಸಣ್ಣ ಕಷ್ಟವೇ ಸರಿ. ಆದರೂ ಆ ವರ್ಷ ಫೆಬ್ರವರಿಯಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದ ಕೆಲವರ ಆರನೆಯ ವಾರ, ಮೂರನೆಯ ತಿಂಗಳು ಎರಡೂ ಗಡಿಯ ಆಚೆಗೇ ಉಳಿದುಹೋದವು. ಅವರಲ್ಲಿ ಇಬ್ಬರಿಗೆ ನಾವು ದೂರವಾಣಿಯಲ್ಲಿ ಹೇಳಿ, ಮನೆಯವರ ಕೈಯಿಂದ ಅಳೆಯಿಸಿದೆವು. ಗೋಡೆಗೆ ಒರಗಿಸಿದ ಕುರ್ಚಿ, ಬಳಪದಿಂದ ನೆಲದ ಮೇಲೆ ಎಳೆದ ಗೆರೆ, ಮೊಬೈಲಿನ ಗಡಿಯಾರ. ಅಂಕಗಳು ಬಂದವು, ಕೆಲಸ ನಡೆಯಿತು. ಇದಕ್ಕೆ ಆಸ್ಪತ್ರೆಯೇ ಬೇಕೆಂದಿಲ್ಲವೆಂದು ನಮಗೆ ಮನವರಿಕೆಯಾದದ್ದು ಆಗಲೇ. ಬಿದ್ದುಬಿಡದಂತೆ ಪಕ್ಕದಲ್ಲಿ ಒಬ್ಬರು ನಿಂತಿರಬೇಕು, ಅಷ್ಟೆ.

ಅದಕ್ಕಾಗಿ ಸಂಘದ ಮುಂದೆ ಒಂದು ಚಿಕ್ಕ ಬೇಡಿಕೆಯನ್ನಿಡುತ್ತೇವೆ. ಒಂದೇ ಹಾಳೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಮೇಲೆ ಶಸ್ತ್ರಕ್ರಿಯೆಯ ದಿನಾಂಕ. ಕೆಳಗೆ ಐದು ಸಾಲು: ಶಸ್ತ್ರಕ್ರಿಯೆಗೆ ಮೊದಲು, ಆರನೆಯ ವಾರ, ಮೂರನೆಯ ತಿಂಗಳು, ಆರನೆಯ ತಿಂಗಳು, ಒಂದು ವರ್ಷ. ಪ್ರತಿ ಸಾಲಿನಲ್ಲಿ ಮಡಚಿದ್ದೆಷ್ಟು, ನೀಳವಾದುದೆಷ್ಟು, ಎದ್ದು ನಡೆದು ಬರಲು ಎಷ್ಟು ಸೆಕೆಂಡು, ರಾತ್ರಿ ನೋವಿಗೆ ಹತ್ತರಲ್ಲಿ ಎಷ್ಟು. ಹಿಂಬದಿಯಲ್ಲಿ ರೋಗಿಯ ಮಾತಿನ ಎರಡು ಸಾಲು. ಎರಡನೆಯ ವಾರಕ್ಕೆ ಸಾಲು ಇಟ್ಟಿಲ್ಲ. ಅಲ್ಲಿ ‘ಜ್ವರ, ಕೀವು, ಊದಿದ ಮೀನಖಂಡ ಕಂಡರೆ ಕೂಡಲೇ ವೈದ್ಯರನ್ನು ಕಾಣಿರಿ’ ಎಂಬ ಒಂದು ವಾಕ್ಯ ಮಾತ್ರ. ಈ ಹಾಳೆ ಗಡಿಯ ಆಚೆಗೂ ಈಚೆಗೂ ರೋಗಿಯ ಚೀಲದಲ್ಲಿಯೇ ಹೋಗಿ ಬರಲಿ. ಅಚ್ಚಿನ ಖರ್ಚು ಹೆಚ್ಚಿಲ್ಲ. ಕರಡನ್ನು ನಾವು ಸಿದ್ಧಪಡಿಸಿ ತಂದಿದ್ದೇವೆ, ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಿಗೆ ಒಪ್ಪಿಸುತ್ತೇವೆ. ನಮ್ಮ ಕನ್ನಡದಲ್ಲಿ ತಪ್ಪಿದ್ದರೆ ಇಲ್ಲಿರುವ ಪಂಡಿತರು ತಿದ್ದಿಕೊಡಬೇಕು.

ಆರಂಭದಲ್ಲಿ ಹೇಳಿದ ಹಿರಿಯರ ಮನೆಯವರು ಕಳೆದ ವಾರ ಬಂದಿದ್ದರು, ತೊಂಬತ್ತೆರಡನೆಯ ದಿನ. ಆರನೆಯ ವಾರದಲ್ಲಿ ಎದ್ದು ನಡೆದು ಬಂದು ಕೂರಲು 23 ಸೆಕೆಂಡು ಹಿಡಿದಿತ್ತು, ಈಗ 14. ಮಡಚುವುದು 108 ಡಿಗ್ರಿ. ರಾತ್ರಿಯ ನೋವು ಹತ್ತರಲ್ಲಿ ಏಳಿದ್ದುದು ಎರಡಕ್ಕೆ ಇಳಿದಿದೆ. ಸಂಜೆಯ ಬಾವು ಇನ್ನೂ ಇದೆ. ಶಸ್ತ್ರಕ್ರಿಯೆಗೆ ಮೊದಲಿನ ಸಾಲು ಮಾತ್ರ ಖಾಲಿ. ಆರನೆಯ ತಿಂಗಳ ದಿನಾಂಕವನ್ನು ಬರೆದುಕೊಟ್ಟಿದ್ದೇವೆ. ಅವರು ಇಂದು ಸಭೆಗೆ ಬಂದು ಮೂರನೆಯ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದಾರೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಭಂಗಿಯಲ್ಲಿ ಕೂರಬೇಡಿರೆಂದು ಹೇಳಿದವರು ನಾವೇ ಆದುದರಿಂದ ಮಾತನ್ನು ಇಲ್ಲಿಗೆ ನಿಲ್ಲಿಸುತ್ತೇವೆ.